ದೇಣಿಗೆಗಾಗಿ 42 ಕಿಲೋಮೀಟರ್: ಮೊದಲ ಮ್ಯಾರಥಾನಿಗೆ ಸಿದ್ಧರಾಗುವುದು ಹೇಗೆ?

ಮ್ಯಾರಥಾನ್ ಓಡಬೇಕೆಂದು ಮನಸ್ಸು ಮಾಡಿದವರಲ್ಲಿ ಹೆಚ್ಚಿನವರು ಮೊದಲು ಶೂ ಕೊಳ್ಳುತ್ತಾರೆ, ಆಮೇಲೆ ಓಡಲು ಶುರುಮಾಡುತ್ತಾರೆ. ಮುಗಿಸಬಲ್ಲೆ ಎಂಬ ಧೈರ್ಯ ಬಂದ ಮೇಲಷ್ಟೇ, ಇದರ ನೆಪದಲ್ಲಿ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಬಹುದೇ ಎಂದು ಯೋಚಿಸುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಛಲವೆಂಬುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ, ನನ್ನಂಥವರಿಗೆ ಅದು ಒಲಿಯುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಆದರೆ ಬಂಧುಗಳಿಂದ, ನೆರೆಯವರಿಂದ ಸಾವಿರ ಸಾವಿರ ರೂಪಾಯಿ ಪಡೆದುಕೊಂಡ ಮೇಲೆ, ಸೋನೆಮಳೆಯ ಮಂಗಳವಾರವೂ ಬೆಳಿಗ್ಗೆ ಐದಕ್ಕೆ ಹಾಸಿಗೆ ಬಿಟ್ಟು ಏಳುತ್ತಿದ್ದುದನ್ನು ಕಂಡು, ಅದು ಬಹುಮಟ್ಟಿಗೆ ಋಣದಿಂದ ಬರುವ ಗುಣವೆಂದು ತಿಳಿಯಿತು.

ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ

ಒಮ್ಮೆಯಾದರೂ ಹೋಗಿ ಕಣ್ಣಾರೆ ನೋಡಬಹುದಾದ ಸಂಸ್ಥೆಯನ್ನೇ ಆರಿಸಿಕೊಳ್ಳಿ. ದೃಷ್ಟಿಹೀನ ಮಕ್ಕಳ ವಸತಿ ಶಾಲೆಯೋ, ವೃದ್ಧಾಶ್ರಮವೋ, ಡಯಾಲಿಸಿಸ್ ಕೇಂದ್ರವೋ ಯಾವುದಾದರೂ ಸರಿ. ಅಲ್ಲಿ ಅರ್ಧ ದಿನ ಕುಳಿತು ಬಂದವರು ದೇಣಿಗೆ ಕೇಳುವ ರೀತಿಯೇ ಬೇರೆ. ಹಾಗೆ ಹೋದಾಗ ಸಂಸ್ಥೆಯ ನೋಂದಣಿ ಪತ್ರ, ಹಿಂದಿನ ವರ್ಷದ ಲೆಕ್ಕಪತ್ರ ಮತ್ತು 80ಜಿ ಎಂದೇ ಎಲ್ಲರೂ ಕರೆಯುವ ತೆರಿಗೆ ರಿಯಾಯಿತಿಯ ಪತ್ರವನ್ನು ಸಂಕೋಚವಿಲ್ಲದೆ ಕೇಳಿ ನೋಡಿಕೊಳ್ಳಬೇಕು. ತೋರಿಸಲು ಹಿಂದೆಮುಂದೆ ನೋಡಿದರೆ ಬೇರೆ ಸಂಸ್ಥೆಯನ್ನು ಹುಡುಕುವುದು ಒಳ್ಳೆಯದು.

ಮುಂಬೈ ಮ್ಯಾರಥಾನಿನಂಥ ದೊಡ್ಡ ಓಟಗಳಲ್ಲಿ ಸೇವಾಸಂಸ್ಥೆಗಳಿಗೆ ಪ್ರತ್ಯೇಕ ವ್ಯವಸ್ಥೆಯಿದ್ದು, ನೋಂದಾಯಿತ ಸಂಸ್ಥೆಯ ಪರವಾಗಿ ನಿಮ್ಮ ಹೆಸರಿನಲ್ಲಿಯೇ ದೇಣಿಗೆಯ ಪುಟ ತೆರೆಯಬಹುದು. ಹಣ ನಿಮ್ಮ ಖಾತೆಗೆ ಬರದೆ ನೇರವಾಗಿ ಸಂಸ್ಥೆಗೆ ಹೋಗುವಂತೆ ಏರ್ಪಾಡು ಮಾಡಿಕೊಳ್ಳಿ, ಏಕೆಂದರೆ ಸ್ವಂತ ಖಾತೆಗೆ ಬಂದ ಹಣದ ಲೆಕ್ಕ ಒಪ್ಪಿಸುವುದು ಮ್ಯಾರಥಾನಿಗಿಂತ ದೀರ್ಘವಾದ ಓಟ.

ಹಣ ಕೇಳುವುದು

ನಲವತ್ತು ಮೀರಿದ ಗೌರವಸ್ಥರಿಗೆ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಕಷ್ಟದ ಹಂತ ಇದೇ. ನಮ್ಮಲ್ಲಿ ಕೈಯೊಡ್ಡುವುದೆಂದರೆ ನಾಚಿಕೆ. ವಾಟ್ಸ್ಯಾಪ್ ಗುಂಪಿಗೆ ಒಂದೇ ಸಂದೇಶ ಹಾಕಿ ಕುಳಿತರೆ ಕೈಮುಗಿದ ಚಿತ್ರಗಳು ಬಂದಾವೇ ಹೊರತು ಹಣ ಬರುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಬೇಕು ಅಥವಾ ಮನೆಗೇ ಹೋಗಬೇಕು, ಎಷ್ಟು ಬೇಕೆಂದು ಸ್ಪಷ್ಟವಾಗಿ ಹೇಳಬೇಕು.

ನನಗೆ ಫಲ ಕೊಟ್ಟ ಉಪಾಯವಿದು. ಒಂದು ಹಾಳೆಯಲ್ಲಿ 1ರಿಂದ 42ರವರೆಗೆ ಅಂಕಿ ಬರೆದು, ಒಂದೊಂದು ಕಿಲೋಮೀಟರನ್ನು ಒಬ್ಬೊಬ್ಬರಿಗೆ ಸಾವಿರ ರೂಪಾಯಿಯಂತೆ ಮೀಸಲಿಟ್ಟೆ. ಮೊದಲ ಹತ್ತು ಬೇಗ ತುಂಬಿದವು, ನಡುವಿನವು ಖಾಲಿ ಉಳಿದವು. ಆಗ ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಹಾಳೆಯನ್ನೆಲ್ಲ ನೋಡಿ, “ಇದರಲ್ಲಿ ತುಂಬ ಕಷ್ಟದ್ದು ಯಾವುದೋ? ಅದನ್ನ ನನ್ನ ಹೆಸರಿಗೆ ಬರಿ” ಎಂದರು. ನಾನು 36ರ ಮುಂದೆ ಅವರ ಹೆಸರು ಬರೆದೆ.

ಮೊದಮೊದಲು ಹೆಚ್ಚು ಹಣ ಬರದಿದ್ದರೆ ಟೆರಿ ಫಾಕ್ಸ್‌ನನ್ನು ನೆನೆಯಿರಿ. ಮೂಳೆಯ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಈ ಕೆನಡಾದ ಯುವಕ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ಪಟ್ಟಣದಿಂದ ಕೃತಕ ಕಾಲಿನಲ್ಲಿ ಹೊರಟು, ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು ದೂರ ಓಡಿದ. ಆರಂಭದ ದಿನಗಳಲ್ಲಿ ಅವನನ್ನು ಗಮನಿಸಿದವರು ಕಡಿಮೆ. 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿದ ಮೇಲೆ, ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ ಥಂಡರ್ ಬೇ ಬಳಿ ನಿಲ್ಲಿಸಬೇಕಾಯಿತು. ಆದರೂ ಕೆನಡಾದ ಪ್ರತಿಯೊಬ್ಬರಿಂದ ಒಂದು ಡಾಲರ್ ಎಂಬ ಅವನ ಗುರಿ 1981ರ ಫೆಬ್ರುವರಿ ಹೊತ್ತಿಗೆ ಈಡೇರಿ, ಮೊತ್ತ 2.4 ಕೋಟಿ ಡಾಲರ್ ದಾಟಿತ್ತು. ಅದೇ ವರ್ಷ ಜೂನ್‌ನಲ್ಲಿ ಅವನು ತೀರಿಕೊಂಡ.

ಹೊರದೇಶದಲ್ಲಿರುವ ಬಂಧುಗಳನ್ನು ಕೇಳುವಾಗ ಮಾತ್ರ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಆದರೆ ಅಕ್ಕನ ಮಗ ಅಮೆರಿಕದ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅವನ ಹಣವನ್ನು ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಅನುಮತಿ ಪಡೆದ ಸಂಸ್ಥೆ ಮಾತ್ರ ಸ್ವೀಕರಿಸಬಹುದು.

ತಾರೀಖಿನಿಂದ ಹಿಂದಕ್ಕೆ ಎಣಿಸಿ

ಮುಂಬೈ ಓಟ ನಡೆಯುವುದು ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ. ಈಗಾಗಲೇ 10 ಕಿಲೋಮೀಟರ್ ನಿರಾಯಾಸವಾಗಿ ಓಡುವವರಿಗೆ 18 ವಾರಗಳ ಅಭ್ಯಾಸ ಸಾಕು. ಅಂದರೆ ಸೆಪ್ಟೆಂಬರ್ ನಡುವೆ ಶುರುವಾಗಬೇಕು. ಅಷ್ಟೂ ಓಡಲಾಗದವರು ಈ ವರ್ಷ ಅರ್ಧ ದೂರದ ಹಾಫ್ ಮ್ಯಾರಥಾನಿಗೆ, ಇಲ್ಲವೇ ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10 ಕಿಲೋಮೀಟರಿನ ವರ್ಲ್ಡ್ 10ಕೆಗೆ ಹೆಸರು ಕೊಡಲಿ. ದೇಣಿಗೆ ಕೊಡುವವರು ದೂರವನ್ನು ಅಳೆಯುವುದಿಲ್ಲ. ರಕ್ತದೊತ್ತಡ, ಮಧುಮೇಹ ಇರುವವರು ವೈದ್ಯರನ್ನು ಕಂಡೇ ಆರಂಭಿಸಬೇಕು.

ವಾರಕ್ಕೆ ನಾಲ್ಕು ದಿನ ಓಡಿದರೆ ಸಾಕು. ಮೂರು ದಿನ ಸಣ್ಣ ಓಟ, ಭಾನುವಾರ ರನ್ನರ್‌ಗಳು ಲಾಂಗ್ ರನ್ ಎನ್ನುವ ದೀರ್ಘ ಓಟ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಉಳಿದಿದ್ದರೆ ವೇಗ ಸರಿಯಾಗಿದೆಯೆಂದು ಅರ್ಥ. ವಾರದ ಒಟ್ಟು ದೂರವನ್ನು ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಏರಿಸದೆ, ನಾಲ್ಕನೆಯ ವಾರ ಸ್ವಲ್ಪ ಇಳಿಸಬೇಕೆಂಬುದು ರೂಢಿಯ ನಿಯಮ. ಈ ಅವಧಿಯಲ್ಲೇ ದಸರಾ, ದೀಪಾವಳಿಗಳು ಬರುತ್ತವೆಯಾದ್ದರಿಂದ ಹಬ್ಬದ ದಿನಗಳನ್ನು ಮೊದಲೇ ವೇಳಾಪಟ್ಟಿಯಲ್ಲಿ ಗುರುತಿಸಿಕೊಳ್ಳಿ. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಮುಂಚೆ ಓಡಿ ಬರಬಹುದು, ಹೋಳಿಗೆ ಊಟದ ಮೇಲೆ ಮಾತ್ರ ಆಗದು.

ದೀರ್ಘ ಓಟ 12 ಕಿಲೋಮೀಟರಿನಿಂದ ಮೆಲ್ಲಗೆ ಬೆಳೆದು, ಓಟಕ್ಕೆ ಮೂರು ವಾರ ಮೊದಲು 30ರಿಂದ 32ಕ್ಕೆ ತಲುಪಬೇಕು. ಸ್ನಾಯು ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಇಂಧನ ಅನೇಕರಲ್ಲಿ 30 ಕಿಲೋಮೀಟರ್ ದಾಟುವಷ್ಟರಲ್ಲಿ ಬರಿದಾಗುತ್ತ ಬರುತ್ತದೆ. ಕಾಲು ಸೀಸದಂತೆ ಭಾರವಾಗುವ ಆ ಘಟ್ಟವನ್ನು ರನ್ನರ್‌ಗಳು ಗೋಡೆ ಎನ್ನುತ್ತಾರೆ. ಆದ್ದರಿಂದ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಹೋಗುವಂತೆ ಬಾಳೆಹಣ್ಣೋ, ಖರ್ಜೂರವೋ, ಜೆಲ್ಲೋ ತಿನ್ನುವ ಅಭ್ಯಾಸವನ್ನು ಭಾನುವಾರಗಳಲ್ಲೇ ಮಾಡಿಕೊಳ್ಳಿ. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಅಪಾಯಕರವಾಗಿ ಇಳಿಯಬಹುದು, ಬಾಯಾರಿದಷ್ಟೇ ಕುಡಿಯಿರಿ. ನೋವಿನ ಮಾತ್ರೆ ನುಂಗಿ ಓಡುವುದು ಮೂತ್ರಪಿಂಡಕ್ಕೆ ಹಾನಿ. ಕೊನೆಯ ಮೂರು ವಾರ ದೂರವನ್ನು ಇಳಿಸುತ್ತ ಬರಬೇಕು. ಆಗ ಮನಸ್ಸು ಕಳವಳಗೊಂಡು ಇನ್ನಷ್ಟು ಓಡು ಎನ್ನುತ್ತದೆ, ಅದರ ಮಾತು ಕೇಳಬೇಡಿ.

ಓಟದ ದಿನ

ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪಿಗೆ ಒಗ್ಗಿದವರಿಗೆ ಕಡಲ ತಡಿಯ ಮುಂಬೈಯ ಸೆಕೆ ಮೊದಲ ಪರೀಕ್ಷೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರು ಹೊರಟಾಗ ಕತ್ತಲು, ಬಾಂದ್ರಾ-ವರ್ಲಿ ಸಮುದ್ರ ಸೇತುವೆಯ ಮೇಲೆ ಗಾಳಿ, ಎಲ್ಲವೂ ಸುಲಭವೆನಿಸುವ ಹೊತ್ತು ಅದು. ಮೊದಲ ಅರ್ಧವನ್ನು ಬೇಕೆಂದೇ ನಿಧಾನವಾಗಿ ಓಡಿ. ನಾನು ಓಡಿದಾಗ ಪೆಡ್ಡರ್ ರಸ್ತೆಯ ಏರು ಬಂದದ್ದು 35 ಕಿಲೋಮೀಟರ್ ಆದ ಮೇಲೆ, ಬಿಸಿಲು ನೆತ್ತಿಗೇರುವಾಗ.

ನಾನು 42 ಹೆಸರುಗಳ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ಆ ಏರಿನಲ್ಲಿ ನನ್ನ ಸುತ್ತಲಿನವರೆಲ್ಲ ನಡೆಯುತ್ತಿದ್ದರು, ನಾನೂ ನಡೆದೆ. ನಡೆಯುವುದು ತಪ್ಪಲ್ಲ. ಆದರೆ ಪಾದಚಾರಿ ಮಾರ್ಗದ ಅಂಚಿನಲ್ಲಿ ಕೂತುಬಿಡೋಣವೆನಿಸಿದಾಗ ಹಾಳೆ ತೆಗೆದು ನೋಡಿದರೆ ಅದು ಚಿಕ್ಕಮ್ಮನ ಕಿಲೋಮೀಟರ್. ಅವರ ಸಾವಿರ ರೂಪಾಯಿಯನ್ನು ಅಲ್ಲಿ ಬಿಟ್ಟು ಕೂರಲು ಮನಸ್ಸಾಗಲಿಲ್ಲ.

ಮೆಡಲ್ ಬಂದ ಮೇಲೆ

ವಾರದೊಳಗೆ ಎಲ್ಲ ದಾನಿಗಳಿಗೂ ಒಟ್ಟು ಎಷ್ಟು ಸಂಗ್ರಹವಾಯಿತು, ಅದು ಯಾವುದಕ್ಕೆ ಬಳಕೆಯಾಗಲಿದೆ ಎಂದು ಬರೆದು ತಿಳಿಸಿ. ತೆರಿಗೆ ರಿಯಾಯಿತಿ ಬೇಕಾದವರ ಪ್ಯಾನ್ ಸಂಖ್ಯೆ ಸಂಸ್ಥೆಗೆ ಸರಿಯಾಗಿ ತಲುಪಿದೆಯೇ ನೋಡಿ. ಪ್ರಮಾಣಪತ್ರ ಆರ್ಥಿಕ ವರ್ಷ ಮುಗಿದ ಮೇಲೆ ಬರುತ್ತದೆ. 2,000 ರೂಪಾಯಿಗಿಂತ ಹೆಚ್ಚು ಮೊತ್ತವನ್ನು ನಗದಾಗಿ ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲವೆಂಬುದನ್ನು ಹಣ ಕೇಳುವಾಗಲೇ ಹೇಳಿರಬೇಕು.

ನಲವತ್ತೆರಡರ ಮೇಲೆ ಇನ್ನೂ 195 ಮೀಟರ್ ಇದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಎದುರು ಮುಗಿಸಿದ್ದರಿಂದ ಬಂದ ಅಳತೆಯಿದು. ನನ್ನ ಹಾಳೆಯಲ್ಲಿ ಆ 195 ಮೀಟರ್, ಐದೂವರೆಗೆ ನಾನು ಓಡಿ ಬರುವಾಗ ರಸ್ತೆಯ ತಿರುವಿನಲ್ಲಿ ಕನಕಾಂಬರ ಕಟ್ಟುತ್ತ ಕುಳಿತಿರುತ್ತಿದ್ದ ಹೂವಿನವರದು. ಅವರು ಕೊಟ್ಟದ್ದು ಐವತ್ತು ರೂಪಾಯಿ. ಪ್ಯಾನ್ ಸಂಖ್ಯೆ ಇಲ್ಲದ, ವಾಟ್ಸ್ಯಾಪ್ ನೋಡದ ಇಂಥ ದಾನಿಗಳ ಬಳಿಗೆ ಮೆಡಲ್ ಹಿಡಿದುಕೊಂಡು ನೀವೇ ಹೋಗಬೇಕು.