ರಿಪೋರ್ಟ್‌ನಲ್ಲಿ ಒಂದು ಅಂಕಿ ಗೆರೆ ದಾಟಿದೆಯೇ? ಹೀಗೆ ಓದಿ

ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ದಪ್ಪಕ್ಷರದಲ್ಲಿರುವ ಅಂಕಿಯ ಕಡೆಗೆ. ಚೂರು ಜಾಸ್ತಿ ಇದ್ದರೂ ಎದೆ ಧಸಕ್ಕೆನ್ನುತ್ತದೆ, ಅಲ್ವಾ?

ಮೊದಲು, ಪಕ್ಕದಲ್ಲಿರುವ ‘ನಾರ್ಮಲ್ ರೇಂಜ್’ ಎಲ್ಲಿಂದ ಬಂತು ಎಂದು ತಿಳಿಯಿರಿ. ಎಷ್ಟೋ ಪರೀಕ್ಷೆಗಳಲ್ಲಿ ಆರೋಗ್ಯವಾಗಿರುವ ಜನರನ್ನೇ ಅಳೆದು, ನಡುವಿನ ಶೇ 95 ಮಂದಿಯ ಅಂಕಿಗಳನ್ನು ರೇಂಜ್ ಎಂದು ಇಟ್ಟಿರುತ್ತಾರೆ. ಹಾಗಾಗಿ ಆರೋಗ್ಯವಂತರಲ್ಲೇ 100ಕ್ಕೆ 5 ಮಂದಿ ಅದರಾಚೆ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಏನೂ ತೊಂದರೆಯಿಲ್ಲದವರಿಗೂ ಒಂದಾದರೂ ಗೆರೆ ದಾಟುವ ಸಾಧ್ಯತೆ ಸುಮಾರು ಶೇ 64. (ಷುಗರ್, ಕೊಲೆಸ್ಟ್ರಾಲ್ ಮಿತಿಗಳ ಲೆಕ್ಕ ಬೇರೆ. ಅವನ್ನು ಕಾಯಿಲೆಯ ಅಪಾಯ ನೋಡಿ ಹಾಕಿರುತ್ತಾರೆ.)

ಆಮೇಲೆ ಸಮಯ ನೋಡಿ. ಥೈರಾಯ್ಡ್‌ನ ಟಿಎಸ್‌ಎಚ್ ಹಾರ್ಮೋನ್ ರಾತ್ರಿ ಏರಿ, ಮಧ್ಯಾಹ್ನ ಇಳಿಯುತ್ತದೆ. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಊಟವಾದ ಮೇಲೆ ಏರುತ್ತದೆ. ಹಳೆಯ ರಿಪೋರ್ಟ್ ಜೊತೆ ಹೋಲಿಸಬೇಕಾದರೆ ಅದೇ ಲ್ಯಾಬ್, ಅದೇ ಹೊತ್ತು ಇರಲಿ.

ಯಂತ್ರಕ್ಕೂ ಅದರದೇ ಮಿತಿ ಇದೆ. ಮನೆಯ ಷುಗರ್ ಮೀಟರ್‌ಗಳ ಐಎಸ್‌ಒ (ಅಂತರರಾಷ್ಟ್ರೀಯ) ಮಾನದಂಡ, ಷುಗರ್ 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಶೇ 15ರಷ್ಟು ಆಚೀಚೆಯಾಗುವುದನ್ನು ಒಪ್ಪುತ್ತದೆ. ಲ್ಯಾಬ್‌ನಲ್ಲಿ 200 ಬರುವ ರಕ್ತಕ್ಕೆ ಮೀಟರ್ 170 ತೋರಿಸಬಹುದು, 230 ಕೂಡ ತೋರಿಸಬಹುದು. ನಿನ್ನೆ 182, ಇವತ್ತು 195 ಬಂತೆಂದು ಊಟ ಬಿಟ್ಟು ಕೂರಬೇಡಿ.

ಬಿಪಿ ವಿಷಯದಲ್ಲಂತೂ ಒಂದೇ ಸಲ ಅಳೆದು ಗಾಬರಿಯಾಗುವವರೇ ಹೆಚ್ಚು. ನಡೆದು ಬಂದರೆ, ಕಾಫಿ ಕುಡಿದರೆ, ಮಾತಾಡುತ್ತಿದ್ದರೆ, ಮೂತ್ರ ತಡೆದುಕೊಂಡಿದ್ದರೂ ಬಿಪಿ ಏರುತ್ತದೆ. ಡಾಕ್ಟರ್ ಮುಂದೆ ಕೂತಾಗ ಮಾತ್ರ ಏರುವವರೂ ಇದ್ದಾರೆ. ಅದಕ್ಕೇ ಮನೆಯಲ್ಲೇ ಅಳೆಯಿರಿ, ಅಳೆಯುವ ಮೊದಲು 5 ನಿಮಿಷ ಸುಮ್ನೆ ಕೂತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬೇಡಿ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯಿರಿ. ಬೆಳಿಗ್ಗೆ, ಸಂಜೆ, ಹೀಗೆ 7 ದಿನ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಹಿಡಿಸದ ಅಂಕಿಯನ್ನು ಮಾತ್ರ ದಯವಿಟ್ಟು ಹೊಡೆದುಹಾಕಬೇಡಿ. ಅದೂ ನಿಮ್ಮ ದೇಹದ್ದೇ.

ಈ ಅಂಕಿಗಳನ್ನೆಲ್ಲ ಬರೆದಿಟ್ಟ ಪುಸ್ತಕ ಹಿಡಿದು ಡಾಕ್ಟರ್ ಹತ್ತಿರ ಹೋಗಿ, ‘ಈ ಏರಿಳಿತ ಮಾಮೂಲಿನದಾ, ಮತ್ತೆ ಪರೀಕ್ಷೆ ಮಾಡಿಸಬೇಕಾ’ ಎಂದು ಕೇಳಿ. ಅಲ್ಲಿಯವರೆಗೆ ಮಾತ್ರೆ ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ. ಆದರೆ ಬಿಪಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ ಅಥವಾ ಮಾತು ತೊದಲುವುದು ಕಂಡರೆ ಸರಾಸರಿಗೆ ಕಾಯುವಂತಿಲ್ಲ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.