ಕೇಕಿಗೆ ಬಿಯರ್ ಹಾಕುವ ಮುಂಚೆ ನೊರೆ ಇಳಿಸಿ

ಡಬ್ಲಿನ್‌ಗೆ ಬಂದ ಹೊಸದರಲ್ಲಿ ಮೊದಲ ಸಲ ಗಿನ್ನೆಸ್ ಅನ್ನುವ ಸ್ಟೌಟ್, ಅಂದರೆ ಕಪ್ಪು ಬಿಯರ್, ಕುಡಿದಾಗ ನನಗೆ ನೆನಪಾದದ್ದು ಹುರಿಹಿಟ್ಟು. ದಾವಣಗೆರೆಯಲ್ಲಿ ಅಜ್ಜಿ ಕಾಳು ಹುರಿಯುವಾಗ ಮಾತಿಗೆ ಕೂತು, ಬಾಣಲೆಯ ತಳ ಒಂಚೂರು ಹೊತ್ತಿದರೆ ಬರುತ್ತಿತ್ತಲ್ಲ, ಅದೇ ಘಮ. ಸ್ಟೌಟ್ ಅಂದರೆ ಅದೇ ತಾನೇ, ಹುರಿದ ಬಾರ್ಲಿಯಿಂದಲೇ ಅದಕ್ಕೆ ಆ ಕಪ್ಪು ಬಣ್ಣ. ಕೋಕೋ ಕೂಡ ಹುರಿದ ಬೀಜದ ಪುಡಿ. ಹಾಗಾಗಿ ಚಾಕೊಲೇಟ್ ಕೇಕಿಗೆ ಹಾಲಿನ ಬದಲು ಸ್ಟೌಟ್ ಹಾಕಿದರೆ ಎರಡೂ ಬೇಗ ದೋಸ್ತಿ ಆಗುತ್ತವೆ.

ಬಿಯರ್ ಬಹುಪಾಲು ನೀರೇ. ಆದ್ದರಿಂದ ಹಾಲು ಎಷ್ಟೋ ಅಷ್ಟೇ ಬಿಯರ್. ಇಷ್ಟು ಸುಲಭವಾದರೂ ನಾನು ಎರಡು ಸಲ ಕೆಡಿಸಿದ್ದೇನೆ.

ಮೊದಲನೆಯದು ಐಪಿಎ (ಇಂಡಿಯಾ ಪೇಲ್ ಏಲ್ ಅನ್ನುವ ಬಿಯರ್) ಹಾಕಿದ ನಿಂಬೆ ಕೇಕ್. ಐಪಿಎಯಲ್ಲಿ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಹೂವು, ಜಾಸ್ತಿ, ಅದರ ಕಹಿ ಬೆಂದರೂ ಹೋಗಲ್ಲ. ಗೊಜ್ಜು ಮಾಡದ ಹಾಗಲಕಾಯಿ ತಿಂದ ಹಾಗಿತ್ತು. ಎರಡನೆಯದು ಅಳತೆಯ ತಪ್ಪು. ಕ್ಯಾನ್ ತೆರೆದ ಕೂಡಲೇ ಸುರಿದು, 200 ಮಿಲಿ ಗೆರೆ ನೋಡಿ ಖುಷಿಪಟ್ಟೆ. ಅರ್ಧ ನೊರೆ! ಕೇಕ್ ಒಣಗಿದ ರಸ್ಕಿನಂತಾಯಿತು. ಗಿನ್ನೆಸ್ ಡ್ರಾಟ್ ಕ್ಯಾನಿನೊಳಗೆ ಸಾರಜನಕ ತುಂಬಿದ ಪುಟ್ಟ ಪ್ಲಾಸ್ಟಿಕ್ ಗುಂಡು ಇರುತ್ತದೆ, ನೊರೆ ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ. ಅರ್ಧ ಗಂಟೆ ಮುಂಚೆಯೇ ಅಗಲ ಪಾತ್ರೆಗೆ ಸುರಿದಿಡಿ. ಗ್ರಾಮಿನಲ್ಲಿ ತೂಗಿದರೆ ಇನ್ನೂ ಒಳ್ಳೆಯದು.

20 ಸೆಂ.ಮೀ. ಅಗಲದ, ಆಳವಾದ ಟಿನ್ನಿಗೆ ನನ್ನ ಲೆಕ್ಕ ಇದು: ಸ್ಟೌಟ್ 200 ಗ್ರಾಂ, ಬೆಣ್ಣೆ 175, ಕೋಕೋ 60, ಸಕ್ಕರೆ 275, ಗಟ್ಟಿ ಮೊಸರು 120, ಮೈದಾ 225, ಮೊಟ್ಟೆ ಎರಡು, ಅಡುಗೆ ಸೋಡಾ ಒಂದೂವರೆ ಟೀ ಚಮಚ, ಉಪ್ಪು ಚಿಟಿಕೆಗಿಂತ ತುಸು ಹೆಚ್ಚು. ಸಕ್ಕರೆ ಜಾಸ್ತಿ ಅನ್ನಿಸುತ್ತೆ ಅಲ್ವಾ? ಕಡಿಮೆ ಮಾಡಬೇಡಿ, ಸ್ಟೌಟು ಮತ್ತು ಕೋಕೋ ಎರಡರ ಕಹಿಗೂ ಅದು ಬೇಕು.

ಸ್ಟೌಟಿಗೆ ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿಡಿ. ಬೆಣ್ಣೆ ಕರಗಿದ ತಕ್ಷಣ ಇಳಿಸಿ. ಕುದಿಸಿದರೆ ನೀರು ಇಂಗಿ ಕಹಿ ಮಾತ್ರ ಗಟ್ಟಿಯಾಗುತ್ತದೆ. ಬಿಸಿಯಲ್ಲೇ ಕೋಕೋ, ಸಕ್ಕರೆ ಹಾಕಿ ಕಲಸಿ. ಈ ಹೊತ್ತಿಗೆ ಅಡುಗೆಮನೆಯಲ್ಲಿ ಮತ್ತೆ ಅಜ್ಜಿಯ ಬಾಣಲೆ. ಬೆರಳು ಇಟ್ಟರೆ ಉಗುರುಬೆಚ್ಚಗೆ ಅನ್ನಿಸುವವರೆಗೆ ಕಾಯಿರಿ, ಇಲ್ಲದಿದ್ದರೆ ಮೊಟ್ಟೆ ಅಲ್ಲೇ ಬುರ್ಜಿ ಆಗುತ್ತದೆ. ಮೊಟ್ಟೆ ಮತ್ತು ಮೊಸರನ್ನು ಕಡೆದು ಸೇರಿಸಿ. ಕೊನೆಗೆ ಮೈದಾ, ಸೋಡಾ, ಉಪ್ಪು ಜರಡಿ ಹಿಡಿದು ಹಾಕಿ. ಹಿಟ್ಟು ನೀರುದೋಸೆಯದಷ್ಟು ತೆಳ್ಳಗಲ್ಲ, ಆದರೂ ಸೌಟಿನಿಂದ ಸಲೀಸಾಗಿ ಇಳಿಯಬೇಕು. ಸೋಡಾ ಆಗಲೇ ಮೊಸರಿನ ಹುಳಿ, ಬಿಯರಿನ ಹುಳಿಯ ಜೊತೆ ಕೆಲಸ ಶುರುಮಾಡಿರುತ್ತದೆ, ತಡಮಾಡದೆ ಟಿನ್ನಿಗೆ ಸುರಿದು ಓವನ್ನಿಗೆ ಹಾಕಿ. ಕೇಕ್ ಉಬ್ಬುವುದು ಮುಖ್ಯವಾಗಿ ಇದರಿಂದ, ಬಿಯರಿನ ಗುಳ್ಳೆಗಳನ್ನು ನಂಬಿ ಕೂರಬೇಡಿ.

170 ಡಿಗ್ರಿ ಸೆಲ್ಸಿಯಸ್‌ನಲ್ಲಿ 45ರಿಂದ 50 ನಿಮಿಷ. ಕಡ್ಡಿ ಚುಚ್ಚಿದರೆ ಒಂದೆರಡು ತೇವದ ಚೂರು ಅಂಟಿಕೊಂಡಿದ್ದರೆ ಸರಿ.

ಒಂದು ಮಾತು ಮಾತ್ರ ಮರೆಯಬೇಡಿ. ಬೆಂದರೆ ಆಲ್ಕೋಹಾಲ್ ಪೂರ್ತಿ ಹಾರಿಹೋಗುತ್ತದೆ ಅನ್ನುವುದು ಸುಳ್ಳು. ಒಂದು ಗಂಟೆ ಬೇಯಿಸಿದರೂ ಕಾಲು ಭಾಗದಷ್ಟು ಉಳಿಯಬಹುದು. ಒಂದು ತುಂಡಿಗೆ ಬರುವುದು ತೀರಾ ಅಲ್ಪ, ಆದರೂ ಬಂದವರಿಗೆ ಹೇಳಿಯೇ ಕೊಡಿ. ಅಮ್ಮ ಇಲ್ಲಿಗೆ ಬಂದಾಗ ನಾನು ಆಲ್ಕೋಹಾಲ್ ಇಲ್ಲದ ಸ್ಟೌಟ್ ಹಾಕಿ ಮಾಡಿದೆ, ರುಚಿಯಲ್ಲಿ ನನಗಂತೂ ವ್ಯತ್ಯಾಸ ಸಿಗಲಿಲ್ಲ. ಅಮ್ಮ ಎರಡು ತುಂಡು ತಿಂದು, "ಇದಕ್ಕೆ ಕಾಫಿ ಡಿಕಾಕ್ಷನ್ ಹಾಕಿದ್ದೀಯಾ?" ಅಂದರು. ಕ್ಯಾನ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮೂರನೇ ತುಂಡಿಗೆ ತಟ್ಟೆ ಚಾಚಿದರು.