ರಾಜ್ಯದ ಗಡಿ ದಾಟುವಾಗ ಪಿಸ್ತೂಲು: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಒಂದಿಷ್ಟು ಮಾತು

ಕಾರಿನ ರಿಜಿಸ್ಟ್ರೇಷನ್ ಕಾಗದ ಇಡುವ ಜಾಗದಲ್ಲಿ ಪಿಸ್ತೂಲು ಇಡಬೇಡಿ. ಉಳಿದದ್ದೆಲ್ಲ ಆಮೇಲೆ. ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ಇದೆ.

2016ರ ಸೆಪ್ಟೆಂಬರ್ ಶುರುವಿನಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ "ಅಕ್ಕ"ದ ಸಮ್ಮೇಳನ ಇತ್ತು. ನಾವು ನಾರ್ತ್ ಕೆರೊಲಿನಾದ ಕ್ಯಾರಿಯಿಂದ ಶುಕ್ರವಾರ ಬೆಳಗಿನ ಜಾವ ಹೊರಟೆವು. ಹಿಂದಿನ ಸೀಟಿನಲ್ಲಿ ಮಗಳು. ಅವಳಿಗೆ ಆಗ ಹನ್ನೊಂದು ವರ್ಷ. ಶನಿವಾರ ಬೆಳಿಗ್ಗೆ ಅವಳ ತಂಡದ ಕೋಲಾಟ. ಕೋಲುಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಕಾಲ ಬಳಿ ಚಿತ್ರಾನ್ನದ ಡಬ್ಬಿ. ಮುಂದಿನ ಸೀಟಿನ ಎದುರು ಕಾಗದ ಇಡುವ ಗ್ಲೋವ್ ಬಾಕ್ಸ್‌ನಲ್ಲಿ ಗುಂಡು ತುಂಬಿದ ನನ್ನ ಪಿಸ್ತೂಲು.

ಪಿಸ್ತೂಲನ್ನು ಮರೆಯಲ್ಲಿ ಇಟ್ಟುಕೊಂಡು ಓಡಾಡಲು ನಾರ್ತ್ ಕೆರೊಲಿನಾ ಕೊಟ್ಟ ಪರ್ಮಿಟ್ ನನ್ನ ಹತ್ತಿರ ಇತ್ತು. ವರ್ಜೀನಿಯಾದಲ್ಲಿ ಅದು ನಡೆಯುತ್ತದೆ ಅಂತ ಗೊತ್ತಿತ್ತು. ಅದರಿಂದಾಚೆ ನಾನು ಯೋಚಿಸಿರಲೇ ಇಲ್ಲ. ಐ-95 ರಸ್ತೆ ಪೊಟೊಮ್ಯಾಕ್ ನದಿ ದಾಟಿದ ತಕ್ಷಣ ಮೇರಿಲ್ಯಾಂಡ್. ಅಲ್ಲಿ ನನ್ನ ಪರ್ಮಿಟ್‌ಗೆ ಬೆಲೆ ಇಲ್ಲ. ಬಾಲ್ಟಿಮೋರ್ ದಾಟುತ್ತಿದ್ದ ಹಾಗೆ ಹಿಂದೆ ಪೊಲೀಸ್ ಕಾರಿನ ದೀಪ ಹೊಳೆಯಿತು. ನನ್ನ ಕಾರಿನ ಹಿಂದಿನ ಲೈಟ್ ಒಂದು ಉರಿಯುತ್ತಿರಲಿಲ್ಲ, ಅಷ್ಟೇ. ಅಧಿಕಾರಿ ಬಂದು ಲೈಸೆನ್ಸ್ ಮತ್ತು ರಿಜಿಸ್ಟ್ರೇಷನ್ ಕೇಳಿದರು. ರಿಜಿಸ್ಟ್ರೇಷನ್ ಇದ್ದದ್ದು ಪಿಸ್ತೂಲಿನ ಅಡಿಯಲ್ಲಿ.

ಲೈಸೆನ್ಸ್ ಮಾತ್ರ ಕೊಟ್ಟೆ. ಹೆಂಡತಿ ಗ್ಲೋವ್ ಬಾಕ್ಸ್ ಕಡೆ ಕೈ ಚಾಚಿದವಳು ಅರ್ಧಕ್ಕೇ ನಿಲ್ಲಿಸಿದಳು. ಅವಳ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಅಷ್ಟರಲ್ಲಿ ಅಧಿಕಾರಿಗೆ ರೇಡಿಯೋದಲ್ಲಿ ಏನೋ ಕರೆ ಬಂತು. ಲೈಸೆನ್ಸ್ ವಾಪಸ್ ಕೊಟ್ಟು, ಲೈಟ್ ಸರಿಮಾಡಿಸಿಕೊಳ್ಳಿ ಎಂದು ಹೇಳಿ ಹೋದರು. ಪಿಸ್ತೂಲು ಇದೆ ಅಂತ ನಾನು ಹೇಳಲಿಲ್ಲ. ಬಾಯಿಂದ ಮಾತೇ ಹೊರಡಲಿಲ್ಲ.

ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಒಂದು ಕಡೆ ನಿಲ್ಲಿಸಿ, ಗುಂಡು ತೆಗೆದು, ಎರಡನ್ನೂ ಟ್ರಂಕ್‌ನಲ್ಲಿ ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟೆ. ಆಮೇಲೆ ಫೋನಿನಲ್ಲಿ ನ್ಯೂಜೆರ್ಸಿಯ ಕಾನೂನು ಓದಿದೆ. ಓದುತ್ತಾ ಓದುತ್ತಾ ಕೈ ತಣ್ಣಗಾಯಿತು. ಕಾರು ತಿರುಗಿಸಿ ಮನೆಗೆ ವಾಪಸ್ ಹೊರಟೆ. ರಿಚ್ಮಂಡ್ ದಾಟುವವರೆಗೂ ಮಗಳು ಕೇಳುತ್ತಲೇ ಇದ್ದಳು, "ಯಾಕಪ್ಪ ವಾಪಸ್ ಹೋಗ್ತಿದ್ದೀವಿ?" ಮರುದಿನ ಪಿಸ್ತೂಲನ್ನು ಮನೆಯಲ್ಲಿ ಬಿಟ್ಟು ಮತ್ತೆ ಹೊರಟು ಅಲ್ಲಿ ತಲುಪುವಾಗ ಮಧ್ಯಾಹ್ನ. ಕೋಲಾಟ ಮುಗಿದಿತ್ತು. ಆರು ತಿಂಗಳು ಪ್ರತಿ ಭಾನುವಾರ ಅಭ್ಯಾಸ ಮಾಡಿದ್ದಳು ನನ್ನ ಮಗಳು.

ನ್ಯೂಜೆರ್ಸಿಯಲ್ಲಿ ಏನಾಗಬಹುದಿತ್ತು ಅಂತ ನಿಮಗೂ ಗೊತ್ತಿರಲಿ. 2013ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ನ್ಯೂಜೆರ್ಸಿಗೆ ಹೋಗಿದ್ದರು. ಅವರ ಹತ್ತಿರ ಪೆನ್ಸಿಲ್ವೇನಿಯಾದ ಪರ್ಮಿಟ್ ಇತ್ತು. ಅದು ಪಕ್ಕದ ರಾಜ್ಯದಲ್ಲೂ ನಡೆಯುತ್ತದೆ ಅಂದುಕೊಂಡಿದ್ದರು. ಪೊಲೀಸರು ಕಾರು ನಿಲ್ಲಿಸಿದಾಗ ತಾವಾಗಿಯೇ ಪಿಸ್ತೂಲು ಇದೆ ಅಂತ ಹೇಳಿದರು. ಜೈಲಿಗೆ ಹೋದರು. ಕಡಿಮೆ ಎಂದರೂ ಮೂರೂವರೆ ವರ್ಷದ ಶಿಕ್ಷೆ ಎದುರಿಗಿತ್ತು. ದೇಶವೆಲ್ಲ ಸುದ್ದಿಯಾಯಿತು. ಕೊನೆಗೆ 2015ರ ಏಪ್ರಿಲ್‌ನಲ್ಲಿ ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಅವರಿಗೆ ಕ್ಷಮೆ ಕೊಟ್ಟರು. ಇದೆಲ್ಲ ನಡೆದದ್ದು ಅಟ್ಲಾಂಟಿಕ್ ಕೌಂಟಿಯಲ್ಲಿ, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಸಮ್ಮೇಳನ ನಡೆದ ಊರು ಅದೇ ಕೌಂಟಿಯಲ್ಲಿದೆ.

ನಾವು ಎಡವುವುದು ಎಲ್ಲಿ ಅಂತ ಆಮೇಲೆ ತುಂಬ ಯೋಚಿಸಿದ್ದೇನೆ. ಡ್ರೈವಿಂಗ್ ಲೈಸೆನ್ಸ್ ಒಂದು ರಾಜ್ಯದಲ್ಲಿ ತೆಗೆದುಕೊಂಡರೆ ಐವತ್ತರಲ್ಲೂ ನಡೆಯುತ್ತದೆ. ಇದೂ ಹಾಗೇ ಅಂದುಕೊಳ್ಳುತ್ತೇವೆ. ಊರಿನಲ್ಲಿ ಬೆಳಗಾವಿಯಿಂದ ಕೊಲ್ಲಾಪುರಕ್ಕೆ ಹೋದರೆ ಬೋರ್ಡಿನ ಭಾಷೆ ಬದಲಾಗುತ್ತದೆ, ಕ್ರಿಮಿನಲ್ ಕಾನೂನು ಬದಲಾಗುವುದಿಲ್ಲ. ಇಲ್ಲಿ ರಾಜ್ಯ ಅಂದರೆ ಹೆಚ್ಚು ಕಡಿಮೆ ಒಂದು ದೇಶ. ನಿಮ್ಮ ಪರ್ಮಿಟ್ ಒಪ್ಪಬೇಕೋ ಬೇಡವೋ ಅನ್ನುವುದು ಪ್ರತಿ ರಾಜ್ಯದ ಇಷ್ಟ. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರ್ಮಿಟ್ ಇಲ್ಲದೆಯೂ ಪಿಸ್ತೂಲನ್ನು ಮರೆಯಲ್ಲಿ ಇಟ್ಟುಕೊಂಡು ಓಡಾಡಬಹುದಿತ್ತು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮೇರಿಲ್ಯಾಂಡ್ ಬೇರೆ ಯಾವ ರಾಜ್ಯದ ಪರ್ಮಿಟನ್ನೂ ಒಪ್ಪುತ್ತಿರಲಿಲ್ಲ. ನಮ್ಮ ಜನ ಜಾಸ್ತಿ ಇರುವುದು, ಮದುವೆ ಮುಂಜಿಗೆ ನಾವು ಓಡುವುದು ಇಂಥ ರಾಜ್ಯಗಳಿಗೇ, ಅಲ್ವಾ? ನ್ಯೂಜೆರ್ಸಿಯಲ್ಲಂತೂ ಗುಂಡಿನ ಜಾತಿಗೂ, ಗುಂಡು ತುಂಬುವ ಮ್ಯಾಗಜಿನ್ನಿನ ಅಳತೆಗೂ ಬೇರೆ ನಿಯಮ. ಬೇರೆ ಕಡೆ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಹಾಲೋ ಪಾಯಿಂಟ್ (ತುದಿ ಟೊಳ್ಳಾದ) ಗುಂಡು ಜೇಬಿನಲ್ಲಿದ್ದರೆ ಅಲ್ಲಿ ಅದೇ ಇನ್ನೊಂದು ಅಪರಾಧ.

ಇನ್ನು ವೀಸಾದಲ್ಲಿ ಇರುವವರಿಗೆ. ದಯವಿಟ್ಟು ಇದನ್ನು ಎರಡು ಸಲ ಓದಿ. ಎಚ್-1ಬಿ, ಎಲ್-1, ಎಫ್-1, ಎಚ್-4, ಯಾವುದೇ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು, ಅಂದರೆ ಇಡೀ ದೇಶದ ಕಾನೂನು, ತಡೆಯುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೆಜ್ಜೆ ಇಡಬೇಡಿ. ಫೋಟೋಗೋಸ್ಕರ ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಕೈಯಲ್ಲಿ ಹಿಡಿಯುವ ಹುಡುಗರನ್ನು ನೋಡಿದ್ದೇನೆ. ಆ ಫೋಟೋ ನೋಡಿದರೆ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳಬಹುದು. ಆದರೆ ಬಂದೂಕಿನ ಕಾನೂನು ಮುರಿದು ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಕಳಿಸಬಹುದು. ಇಲ್ಲೇ ಹುಟ್ಟಿದವನಿಗೆ ಜೈಲಾಗುವ ತಪ್ಪಿಗೆ ನಮಗೆ ಮನೆಯೇ ಹೋಗುತ್ತದೆ.

ಪರ್ಮಿಟ್ ಮಾಡಿಸುವುದು ದೊಡ್ಡ ವಿಷಯವಲ್ಲ. ನಮ್ಮ ರಾಜ್ಯದಲ್ಲಿ ಒಂದು ದಿನದ ತರಗತಿ, ಶೆರಿಫ್ ಕಚೇರಿಯಲ್ಲಿ ಬೆರಳಚ್ಚು, ಶುಲ್ಕ, ಕಾಯುವುದು. ಅಷ್ಟೇ.

ಪಿಸ್ತೂಲು ತೆಗೆದುಕೊಂಡು ಗಡಿ ದಾಟಲೇಬೇಕಾದರೆ 1986ರ ಫೆಡರಲ್ ಕಾನೂನೊಂದಿದೆ. ಹೊರಡುವ ಜಾಗದಲ್ಲೂ ತಲುಪುವ ಜಾಗದಲ್ಲೂ ಅದನ್ನು ಇಟ್ಟುಕೊಂಡು ಓಡಾಡುವುದು ನಿಮಗೆ ಕಾನೂನುಬದ್ಧವಾಗಿದ್ದರೆ, ನಡುವಿನ ರಾಜ್ಯಗಳನ್ನು ಹಾದು ಹೋಗಬಹುದು. ಗುಂಡು ತೆಗೆದಿರಬೇಕು. ಪಿಸ್ತೂಲೂ ಗುಂಡೂ ಕೂತವರ ಕೈಗೆ ಸಿಗಬಾರದು. ಟ್ರಂಕ್ ಬೇರೆ ಇಲ್ಲದ ವ್ಯಾನ್, ಎಸ್‌ಯುವಿಗಳಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಬೇಕು. ಗ್ಲೋವ್ ಬಾಕ್ಸ್‌ಗೂ ಎರಡು ಸೀಟುಗಳ ನಡುವಿನ ಡಬ್ಬಕ್ಕೂ ಬೀಗ ಹಾಕಿದರೂ ಅದು ಲೆಕ್ಕಕ್ಕಿಲ್ಲ. ಇದು ಹಾದುಹೋಗುವವರಿಗೆ ಮಾತ್ರ. ದಾರಿಯಲ್ಲಿ ನ್ಯೂಜೆರ್ಸಿಯ ಎಡಿಸನ್ ಊರಿನ ಅಕ್ಕನ ಮನೆಯಲ್ಲಿ ಎರಡು ದಿನ ಉಳಿದು ಹೋಗೋಣ ಅಂದರೆ ಅದು ಹಾದುಹೋಗುವುದಲ್ಲ. ಮತ್ತೆ, ಈ ಕಾನೂನು ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲಬಹುದು, ರಸ್ತೆಯಲ್ಲಿ ಬಂಧನ ತಪ್ಪಿಸುತ್ತದೆ ಅಂತ ನಂಬಬೇಡಿ.

ವಿಮಾನದ್ದೂ ಇದೇ ಕಥೆ. ಗುಂಡು ತೆಗೆದ ಪಿಸ್ತೂಲನ್ನು ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಹೇಳಿ, ಚೆಕ್-ಇನ್ ಲಗೇಜಿಗೆ ಹಾಕಬೇಕು. ಕೈಚೀಲದಲ್ಲಿ ಮರೆತು ಬರುವವರು ಎಷ್ಟು ಜನ ಗೊತ್ತಾ? 2023ರಲ್ಲಿ ದೇಶದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಬಂದೂಕು ಸಿಕ್ಕವು. ಹೆಚ್ಚಿನವುಗಳಲ್ಲಿ ಗುಂಡು ತುಂಬಿತ್ತು. ಆದರೆ ನನ್ನನ್ನು ಹೆದರಿಸಿದ್ದು ಎಲ್ಲವನ್ನೂ ಸರಿಯಾಗಿ ಮಾಡಿದವನ ಕಥೆ. 2005ರಲ್ಲಿ ಯೂಟಾದ ಒಬ್ಬರು ನ್ಯೂಜೆರ್ಸಿಯ ನೆವಾರ್ಕ್ ಮೂಲಕ ಪೆನ್ಸಿಲ್ವೇನಿಯಾಗೆ ಹೋಗುತ್ತಿದ್ದರು. ವಿಮಾನ ತಡವಾಗಿ ಮುಂದಿನ ವಿಮಾನ ತಪ್ಪಿತು. ಚೀಲ ಅವರ ಕೈಗೆ ಬಂತು. ರಾತ್ರಿ ಹೋಟೆಲಿನಲ್ಲಿ ಉಳಿದರು. ಬೆಳಿಗ್ಗೆ ಕೌಂಟರಿನಲ್ಲಿ ಪಿಸ್ತೂಲು ಇದೆ ಅಂತ ಪ್ರಾಮಾಣಿಕವಾಗಿ ಹೇಳಿದರು. ಅಲ್ಲೇ ಬಂಧನ. ಕೇಸು ಆಮೇಲೆ ಬಿದ್ದುಹೋಯಿತು. ಆದರೆ ಅವರು ನ್ಯಾಯ ಕೇಳಿ ಹಾಕಿದ ದಾವೆಯಲ್ಲಿ 2010ರಲ್ಲಿ ಸೋತರು. ರಾತ್ರಿ ಚೀಲ ಕೈಗೆ ಸಿಗುವ ಹಾಗಿತ್ತು, ಹಾಗಾಗಿ 1986ರ ಕಾನೂನಿನ ರಕ್ಷಣೆ ಇಲ್ಲ ಅಂತ ತೀರ್ಪು. ಅಂಥ ಪರಿಸ್ಥಿತಿ ಬಂದರೆ ಚೀಲವನ್ನು ಕೈಗೆ ತೆಗೆದುಕೊಳ್ಳಲೇಬೇಡಿ, ಏರ್‌ಲೈನ್‌ನವರ ಹತ್ತಿರವೇ ಇರಲಿ ಅನ್ನಿ.

ಶಾಲೆ. ಇದು ನಮ್ಮವರಿಗೆ ಹೆಚ್ಚು ಬೇಕಾದ ಮಾತು. ನಮ್ಮ ಯುಗಾದಿ, ರಾಜ್ಯೋತ್ಸವ ನಡೆಯುವುದು ಎಲ್ಲಿ? ಬಾಡಿಗೆಗೆ ಹಿಡಿದ ಹೈಸ್ಕೂಲ್ ಸಭಾಂಗಣದಲ್ಲಿ. ಮಕ್ಕಳ ಕನ್ನಡ ತರಗತಿಯೂ ಎಷ್ಟೋ ಕಡೆ ಶಾಲೆಯಲ್ಲೇ. ಶನಿವಾರ ಆದರೂ ಭಾನುವಾರ ಆದರೂ ಅದು ಶಾಲೆಯೇ. ಫೆಡರಲ್ ಕಾನೂನಿನ ಪ್ರಕಾರ ಶಾಲೆಯಿಂದ 1,000 ಅಡಿಯೊಳಗೆ, ಅಂದರೆ ಸುಮಾರು 300 ಮೀಟರ್ ಒಳಗೆ ಬಂದೂಕು ನಿಷಿದ್ಧ. ಪರ್ಮಿಟ್ ಇದೆ ಅಂತ ಸಿಗುವ ವಿನಾಯಿತಿ, ಆ ಶಾಲೆ ಇರುವ ರಾಜ್ಯವೇ ಕೊಟ್ಟ ಪರ್ಮಿಟ್ ಇದ್ದವರಿಗೆ ಮಾತ್ರ. ಅಂದರೆ ಪಕ್ಕದ ರಾಜ್ಯ ನಿಮ್ಮ ಪರ್ಮಿಟ್ ಒಪ್ಪಿದರೂ ಅಲ್ಲಿಯ ಶಾಲೆಯ ಮುಂದೆ ಈ ವಿನಾಯಿತಿ ನಿಮಗಿಲ್ಲ. ಪೋಸ್ಟ್ ಆಫೀಸ್, ಫೆಡರಲ್ ಕಟ್ಟಡ, ನ್ಯಾಷನಲ್ ಪಾರ್ಕಿನ ವಿಸಿಟರ್ ಸೆಂಟರ್, ಇವೆಲ್ಲದರ ಒಳಗೂ ಬೇಡ. ಡೆಟ್ರಾಯ್ಟ್ ಕಡೆಯಿಂದ ನಯಾಗರಾ ನೋಡಲು ಹೊರಟವರು ಮ್ಯಾಪನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಹತ್ತಿರದ ದಾರಿ ಕೆನಡಾ ಒಳಗಿಂದ ಹೋಗುತ್ತದೆ.

ಪೊಲೀಸರು ನಿಲ್ಲಿಸಿದರೆ ಊರಿನ ಅಭ್ಯಾಸ ಮರೆತುಬಿಡಿ. ಊರಿನಲ್ಲಿ ನಾವು ಗಾಡಿಯಿಂದ ಇಳಿದು, ಹತ್ತಿರ ಹೋಗಿ, "ಸಾರ್" ಅನ್ನುತ್ತೇವೆ. ಅದು ನಮ್ಮ ಮರ್ಯಾದೆ. ಇಲ್ಲಿ ಇಳಿಯಬಾರದು. ಎರಡೂ ಕೈ ಸ್ಟೀರಿಂಗ್ ಮೇಲೆ, ಒಳಗಿನ ದೀಪ ಹಾಕಿ, ಸುಮ್ನೆ ಕೂತಿರಿ. ನಾರ್ತ್ ಕೆರೊಲಿನಾದಲ್ಲಿ ಪಿಸ್ತೂಲು ಜೊತೆಗಿದ್ದರೆ ನಾವೇ ಮೊದಲು ಹೇಳಬೇಕು. ಬೇರೆ ರಾಜ್ಯಗಳಲ್ಲಿ ಬೇರೆ ನಿಯಮ. ಮೊದಲು ಪರ್ಮಿಟ್ ಇದೆ ಅನ್ನಿ, ಆಮೇಲೆ ಪಿಸ್ತೂಲು ಎಲ್ಲಿದೆ ಅಂತ ಹೇಳಿ, ಆಮೇಲೆ ಏನು ಮಾಡಲಿ ಅಂತ ಕೇಳಿ. ಅವರು ಹೇಳುವ ತನಕ ಕೈ ಅಲ್ಲಾಡಬಾರದು.

ಒಂದು ಸಲ ಓದಿಕೊಂಡರೆ ಸಾಕು ಅಂತಲೂ ಅಲ್ಲ. 2015ರ ಡಿಸೆಂಬರ್‌ನಲ್ಲಿ ವರ್ಜೀನಿಯಾ, ನಮ್ಮದೂ ಸೇರಿ 25 ರಾಜ್ಯಗಳ ಪರ್ಮಿಟ್ ಇನ್ನು ಒಪ್ಪುವುದಿಲ್ಲ ಅಂತ ಹೇಳಿತು. ಕೆಲವೇ ತಿಂಗಳಲ್ಲಿ ಆ ನಿರ್ಧಾರ ತಿರುಗಿತು, 2016ರ ಜುಲೈನಿಂದ ಮತ್ತೆ ಒಪ್ಪುವ ಹೊಸ ಕಾನೂನು ಬಂತು. ಹಾಗಾಗಿ ಹೊರಡುವ ವಾರವೇ, ದಾರಿಯಲ್ಲಿ ಸಿಗುವ ಪ್ರತಿ ರಾಜ್ಯದ ಪೊಲೀಸ್ ಇಲಾಖೆಯ ಪುಟ ನೋಡಿ. ನಾನು ಬರೆದದ್ದನ್ನೂ ಅದರ ಜೊತೆ ಹೋಲಿಸಿ ನೋಡಿ.

ಇಷ್ಟೆಲ್ಲ ಕಷ್ಟ ಇದ್ದರೆ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳುತ್ತಾರೆ. ಒಂದು ದೀಪಾವಳಿಗೆ ಪಕ್ಕದ ಬೀದಿಯ ನಮ್ಮವರ ಮನೆಗೆ ನುಗ್ಗಿ ಚಿನ್ನ ದೋಚಿದರು. ಹೆಂಡತಿಗೆ ಆಗ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಭಯವಾಯಿತು, ಕೊಂಡೆ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಒಲೇಥಾದ ಬಾರಿನಲ್ಲಿ ನಮ್ಮ ದೇಶದ ಎಂಜಿನಿಯರ್ ಒಬ್ಬರನ್ನು ಗುಂಡಿಟ್ಟು ಕೊಂದ ಮೇಲೆ ಎಷ್ಟೋ ಹುಡುಗರು ನನ್ನ ಹತ್ತಿರ ಬಂದು ಕೇಳಿದರು. ಅವರ ಭಯವನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಭಯದ ಜೊತೆ ಇನ್ನೊಂದು ಇತ್ತು ನನ್ನಲ್ಲಿ. ಆಗಷ್ಟೇ ಸಿಟಿಜನ್ ಆಗಿದ್ದೆ. ಈ ದೇಶದವರಿಗೆ ಇರುವ ಹಕ್ಕು ಇನ್ನು ನನಗೂ ಇದೆ ಅಂತ ಅನ್ನಿಸಿಕೊಳ್ಳಬೇಕಿತ್ತು. ಸೊಂಟದಲ್ಲಿ ಅದು ಇದ್ದಾಗ ನಾನು ಇಲ್ಲಿಯವನೇ ಅನ್ನಿಸುತ್ತಿತ್ತು. ಮೇರಿಲ್ಯಾಂಡಿನ ರಸ್ತೆ ಬದಿಯಲ್ಲಿ ಹಾಗೆ ಅನ್ನಿಸಲಿಲ್ಲ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೂ ಕೋವಿ ಇತ್ತು. ಅಪ್ಪಯ್ಯನದು, ಜೋಡಿ ನಳಿಗೆ. ತೋಟಕ್ಕೆ ಹಂದಿ ಬಂದರೆ ಹೆದರಿಸಲು. ಗೋಡೆಯ ಎರಡು ಗೂಟದ ಮೇಲೆ ಇರುತ್ತಿತ್ತು. ನಾವು ಮುಟ್ಟುತ್ತಿರಲಿಲ್ಲ. ಆಯುಧ ಪೂಜೆಯ ದಿನ ಮಾತ್ರ ಕೆಳಗೆ ಇಳಿಸಿ, ಕತ್ತಿ, ಗುದ್ದಲಿ ಜೊತೆ ಕುಂಕುಮ ಇಡುತ್ತಿದ್ದರು. ಚುನಾವಣೆ ಬಂದರೆ ಅಪ್ಪಯ್ಯ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ, ರಸೀದಿ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಅವರು ಒಮ್ಮೆಯೂ ಬೇಸರ ಮಾಡಿಕೊಂಡದ್ದು ನೋಡಿಲ್ಲ. ಕೋವಿ ಇದ್ದದ್ದು ತೋಟಕ್ಕಾಗಿ, ಅವರಿಗಾಗಿ ಅಲ್ಲ. ಅವರು ಹೋದ ಮೇಲೆ ಅಣ್ಣ ಲೈಸೆನ್ಸ್ ಬೇಡ ಅಂದ, ಸ್ಟೇಷನ್ನಿಗೆ ಒಪ್ಪಿಸಿಬಿಟ್ಟ. ಹೋದ ಸಲ ಹೋದಾಗ ಗೂಟ ಎರಡೂ ಹಾಗೇ ಇದ್ದವು, ಒಂದರಲ್ಲಿ ಅಣ್ಣನ ಛತ್ರಿ ನೇತಾಡುತ್ತಿತ್ತು.

ಮಗಳಿಗೆ ಆ ಗೂಟದ ಕಥೆ ಹೇಳಿದ್ದೇನೆ. ಅವಳಿಗೆ ಅದು ಅಜ್ಜನ ಕಥೆ ಅಷ್ಟೇ. ಬಂದೂಕು ಹಿಡಿದವರು ನುಗ್ಗಿದರೆ ಏನು ಮಾಡಬೇಕು ಅನ್ನುವ ಅಭ್ಯಾಸಕ್ಕೆ ಅವಳ ಶಾಲೆಯಲ್ಲಿ ಮಕ್ಕಳನ್ನು ವರ್ಷಕ್ಕೆ ಇಷ್ಟು ಸಲ ಅಂತ ಬಾಗಿಲು ಹಾಕಿ, ಲೈಟ್ ಆರಿಸಿ, ಮೂಲೆಯಲ್ಲಿ ಉಸಿರು ಹಿಡಿದು ಕೂರಿಸುತ್ತಿದ್ದರು. ಬಂದೂಕು ಅಂದರೆ ಅವಳಿಗೆ ಮೊದಲು ನೆನಪಾಗುವುದು ಆ ಮೂಲೆ. ಮನೆಯ ಆಯುಧ ಪೂಜೆಯಲ್ಲಿ ಪಿಸ್ತೂಲು ಇಡಬೇಡ ಅಪ್ಪ ಅಂತ ಒಂದು ವರ್ಷ ಅವಳೇ ಹೇಳಿದಳು. ಅವತ್ತಿನಿಂದ ಇಟ್ಟಿಲ್ಲ.

ಈಗ ಅವಳು ಕಾಲೇಜಿನಲ್ಲಿದ್ದಾಳೆ. ರಜೆಗೆ ಬಂದಾಗ ಎಲ್ಲಿಗಾದರೂ ದೂರ ಹೊರಟರೆ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಬೆಲ್ಟ್ ಹಾಕಿಕೊಳ್ಳುವ ಮುಂಚೆ ಗ್ಲೋವ್ ಬಾಕ್ಸ್ ತೆಗೆದು ಒಮ್ಮೆ ನೋಡುತ್ತಾಳೆ, ಮುಚ್ಚುತ್ತಾಳೆ. ಏನೂ ಹೇಳುವುದಿಲ್ಲ. ಅವಳು ನೋಡಿ ಮುಗಿಸುವವರೆಗೆ ನಾನು ಕಾರು ಸ್ಟಾರ್ಟ್ ಮಾಡುವುದಿಲ್ಲ.